ಹೆಸರು ಅಳಿಸಿದರೂ ನಂಬರ್ ಉಳಿಯುತ್ತದೆ

ಸಿಇಟಿ ಫಲಿತಾಂಶ ಬಂತೆಂದರೆ ಬೆಂಗಳೂರಿನ ಎಷ್ಟೋ ಮನೆಗಳಿಗೆ ಊರಿಂದ ನೆಂಟರ ಮಕ್ಕಳು ಬರುತ್ತಾರೆ. ‘ಮಾವ, ಆಪ್ಷನ್ ಎಂಟ್ರಿ ಮಾಡ್ಬೇಕಿತ್ತು, ಲ್ಯಾಪ್‌ಟಾಪ್ ಕೊಡ್ತೀರಾ?’ ಇಲ್ಲ ಅನ್ನೋಕಾಗುತ್ತಾ? ಹಾಗಂತ ನಮ್ಮದೇ ಲಾಗಿನ್ ಕೊಟ್ಟರೆ ಮೇಲ್, ಫೋಟೊ, ಬ್ಯಾಂಕಿನ ಕಾಗದ ಎಲ್ಲವೂ ತೆರೆದೇ ಇರುತ್ತವೆ. ಹಾಗೆ ಬಂದವರ ಪಾಸ್‌ವರ್ಡ್ ನಮ್ಮ ಬ್ರೌಸರ್‌ನಲ್ಲಿ ಉಳಿಯುವುದೂ ಸರಿಯಲ್ಲ.

ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಬಳಗದ ಆಪರೇಟಿಂಗ್ ಸಿಸ್ಟಂ ಉಬುಂಟುವಿನಲ್ಲಿ ಇದಕ್ಕೆಂದೇ 2008ರಲ್ಲಿ ‘ಗೆಸ್ಟ್ ಸೆಷನ್’ ಬಂದಿತ್ತು. ಪಾಸ್‌ವರ್ಡ್ ಬೇಡ, ಲಾಗೌಟ್ ಆದರೆ ಎಲ್ಲ ಮಾಯ. ಆದರೆ ಅತಿಥಿಯನ್ನು ಅಂಕೆಯಲ್ಲಿಡಬೇಕಿದ್ದ ಭದ್ರತಾ ವ್ಯವಸ್ಥೆ ಆಪ್‌ಆರ್ಮರ್, ಉಬುಂಟುವಿನ 16.10 ಆವೃತ್ತಿಯಿಂದಾಚೆಗೆ ಆ ಕೆಲಸ ಮಾಡುತ್ತಲೇ ಇಲ್ಲ ಎಂದು 2017ರಲ್ಲಿ ಗೊತ್ತಾಯಿತು. ಸೌಲಭ್ಯವನ್ನೇ ಆಫ್ ಮಾಡಿದರು. ಅದೇ ಬಳಗದ ಲಿನಕ್ಸ್ ಮಿಂಟ್‌ನಲ್ಲಿ ಲಾಗಿನ್ ವಿಂಡೋ ಸೆಟ್ಟಿಂಗ್ಸ್‌ಗೆ ಹೋಗಿ ಈಗಲೂ ಆನ್ ಮಾಡಿಕೊಳ್ಳಬಹುದು.

ಉಬುಂಟುವಿನಲ್ಲಿ ಈಗ ನಾವೇ ಖಾತೆ ತೆರೆಯಬೇಕು. ಕಷ್ಟವೇನಿಲ್ಲ: ಸೆಟ್ಟಿಂಗ್ಸ್, ಯೂಸರ್ಸ್, ಹೊಸ ಹೆಸರು. ಅಡ್ಮಿನಿಸ್ಟ್ರೇಟರ್ ಗುಂಡಿ ಆಫ್ ಇರಲಿ, ಅಷ್ಟೇ.

ಇನ್ನೊಂದು ವಿಷಯ ಇದೆ. 21.04ಕ್ಕಿಂತ ಹಿಂದಿನ ಉಬುಂಟುವಿನಲ್ಲಿ, ಪ್ರತಿ ಯೂಸರ್ ತನ್ನ ಫೈಲು ಇಡುವ ಹೋಮ್ ಫೋಲ್ಡರ್‌ನ ಅನುಮತಿ 755. ಅಂದರೆ ಬೇರೆ ಯೂಸರ್ ಕೂಡ ಒಳಗೆ ಇಣುಕಬಹುದು! ಆಮೇಲೆ ಅದನ್ನು 750 ಮಾಡಿ ಆ ಇಣುಕಾಟ ತಡೆದರು. ಆದರೆ ಹಳೆಯ ಕಂಪ್ಯೂಟರನ್ನು ಸುಮ್ನೆ ಅಪ್‌ಗ್ರೇಡ್ ಮಾಡುತ್ತಾ ಬಂದಿದ್ದರೆ ಹಳೆಯ ಅನುಮತಿಯೇ ಉಳಿದಿರುತ್ತದೆ. ಖಾತೆ ತೆರೆಯುವ ಮೊದಲು ಇದನ್ನು ನೋಡಿಕೊಳ್ಳಿ.

ನನಗೆ ಜಾಸ್ತಿ ಸ್ವಾರಸ್ಯ ಅನಿಸುವುದು ಖಾತೆ ಅಳಿಸುವಾಗ ಆಗುವ ಕಥೆ. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ನಮ್ಮ ಹೆಸರು ಬೇಕಿಲ್ಲ, ನಂಬರ್ ಸಾಕು. ಮೊದಲ ಯೂಸರ್ 1000, ಮುಂದಿನವರು 1001. ಪ್ರತಿ ಫೈಲಿನ ಮೇಲೂ ಇರುವುದು ಯಜಮಾನನ ನಂಬರ್ ಮಾತ್ರ. ಖಾತೆ ಅಳಿಸುವಾಗ ಫೈಲುಗಳನ್ನೂ ಅಳಿಸು ಎಂದರೆ ಹೋಮ್ ಫೋಲ್ಡರ್ ಹೋಗುತ್ತದೆ. ಆದರೆ ಅತಿಥಿ ಬೇರೆ ಡ್ರೈವ್‌ನಲ್ಲಿ ಇಟ್ಟ ಅಂಕಪಟ್ಟಿಯ ಸ್ಕ್ಯಾನ್ ಅಲ್ಲೇ ಇರುತ್ತದೆ, ಹೆಸರಿನ ಜಾಗದಲ್ಲಿ ಬರೀ 1001 ಎಂದು ತೋರಿಸುತ್ತದೆ. ಮುಂದಿನ ಅತಿಥಿಗೂ ಸಾಮಾನ್ಯವಾಗಿ ಅದೇ 1001 ಸಿಗುತ್ತದೆ. ಪಿಜಿಯಲ್ಲಿ ಹಳಬ ಬಿಟ್ಟುಹೋದ ಸಾಮಾನು ಅದೇ ರೂಮಿಗೆ ಬಂದ ಹೊಸಬನ ಪಾಲಾದ ಹಾಗೆ, ಆ ಸ್ಕ್ಯಾನ್ ಈಗ ಇವನದು.

ಖಾತೆ ಅಳಿಸಿದ ಕೂಡಲೇ ‘ಫೈಂಡ್’ ಕಮಾಂಡಿಗೆ ‘ನೋಯೂಸರ್’ ಆಯ್ಕೆ ಕೊಟ್ಟು ಹುಡುಕಿ. ಯಜಮಾನನಿಲ್ಲದ ಫೈಲುಗಳ ಪಟ್ಟಿ ಬರುತ್ತದೆ. ಹೊಸ ಖಾತೆ ತೆರೆದ ಮೇಲೆ ಹುಡುಕಿದರೆ ಏನೂ ಸಿಗಲಿಕ್ಕಿಲ್ಲ. ಅಷ್ಟೊತ್ತಿಗೆ ಅವಕ್ಕೆ ಯಜಮಾನ ಸಿಕ್ಕಿರುತ್ತಾನಲ್ಲ!