ನಾಲ್ಕಡಿ ನೀರು ಮೂರೇ ಅಡಿ ಕಾಣುತ್ತದೆ

ಹೋದ ಬೇಸಿಗೆ, ಮಗಳನ್ನು ಈಜು ಶಿಬಿರಕ್ಕೆ ಕಳಿಸುವ ಹಿಂದಿನ ಸಂಜೆ, ಅಡುಗೆಮನೆ ಕಟ್ಟೆಯ ಮೇಲೆ ಒಂದು ಸ್ಟೀಲ್ ಬೋಗುಣಿ ಇಟ್ಟೆ. ತಳಕ್ಕೆ ಒಂದು ರೂಪಾಯಿ ನಾಣ್ಯವನ್ನು ಚೂರು ಚಪಾತಿ ಹಿಟ್ಟಿನಿಂದ ಅಂಟಿಸಿದೆ. 'ನಾಣ್ಯ ಕಾಣದೇ ಹೋಗುವವರೆಗೆ ಹಿಂದೆ ಸರಿ, ಆಮೇಲೆ ಅಲ್ಲಾಡಬೇಡ' ಅಂದೆ. ಅವಳು ಸರಿದು ನಿಂತಳು. ಚೊಂಬಿನಿಂದ ನಿಧಾನಕ್ಕೆ ನೀರು ಸುರಿದೆ. ಬೋಗುಣಿ ತುಂಬುತ್ತಾ ಬಂದಂತೆ 'ಅಮ್ಮಾ, ಬಂತು ಬಂತು!' ಎಂದು ಕೂಗಿದಳು. ನಾಣ್ಯ ಜಾಗ ಬಿಟ್ಟಿರಲಿಲ್ಲ. ಅವಳೂ ಬಿಟ್ಟಿರಲಿಲ್ಲ. ನೀರು ನಾಣ್ಯವನ್ನು ಮೇಲಕ್ಕೆ ಎತ್ತಿ ತೋರಿಸಿತ್ತು.

ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುತ್ತದೆ. ಕಣ್ಣಿಗೆ ಆ ಬಾಗು ಗೊತ್ತಾಗುವುದಿಲ್ಲ, ನೇರವಾಗಿಯೇ ಬಂತು ಅಂದುಕೊಳ್ಳುತ್ತದೆ. ಬೆಳಕು ಎಷ್ಟು ಬಾಗುತ್ತದೆ ಎಂದು ಹೇಳುವ ಅಂಕಿ, ಅಂದರೆ ವಕ್ರೀಭವನ ಸೂಚ್ಯಂಕ, ನೀರಿಗೆ 1.33. ಹಾಗಾಗಿ ನೆಟ್ಟಗೆ ಮೇಲಿನಿಂದ ಬಗ್ಗಿ ನೋಡಿದರೂ ಕೊಳದ ಆಳ ಇರುವುದರ ಮುಕ್ಕಾಲು ಭಾಗ ಮಾತ್ರ ಕಾಣುತ್ತದೆ. ನಾಲ್ಕಡಿ ನೀರು ಮೂರಡಿ, ಆರಡಿ ನೀರು ನಾಲ್ಕೂವರೆ. ದಡದಲ್ಲಿ ನಿಂತು ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಮಕ್ಕಳು ಗಿಡ್ಡ, ಅಲ್ವಾ? ಅವರು ನಮಗಿಂತ ಹೆಚ್ಚು ಓರೆಯಾಗಿ ನೋಡುತ್ತಾರೆ. ಅಂದರೆ ಅದೇ ಪೂಲ್ ನಮಗೆ ಕಾಣುವುದಕ್ಕಿಂತ ಅವರಿಗೆ ಇನ್ನಷ್ಟು ಆಳವಿಲ್ಲದಂತೆ ಕಾಣುತ್ತದೆ.

ನನ್ನ ಮಗಳ ಎತ್ತರ ಆಗ ನಾಲ್ಕಡಿಗೆ ಒಂದಿಂಚು ಕಡಿಮೆ. ನಾಲ್ಕಡಿ ನೀರನ್ನು ನೋಡಿದಾಗ ಅವಳಿಗೆ 'ಎದೆಮಟ್ಟ ಬರುತ್ತೆ' ಅನಿಸುತ್ತದೆ. ಇಳಿದರೆ ತಲೆ ಮುಳುಗುತ್ತದೆ. 'ಆಳಕ್ಕೆ ಹೋಗಬೇಡ' ಅಂತ ಸಾವಿರ ಸಲ ಹೇಳಿ, ಅವಳ ಕಣ್ಣಿಗೆ ಅದು ಆಳ ಅಂತ ಕಾಣದೇ ಇದ್ದರೆ ಆ ಮಾತಿಗೆ ಬೆಲೆ ಇಲ್ಲ. ಅದಕ್ಕೇ ಬೋಗುಣಿ. ಮರುದಿನ ಪೂಲ್‌ನಲ್ಲಿ ಅವಳು ಮೊದಲು ಮಾಡಿದ ಕೆಲಸ ಗೋಡೆ ಮೇಲಿನ ಆಳದ ಅಂಕಿ ಓದಿದ್ದು.

ಸಾರ್ವಜನಿಕ ಪೂಲ್‌ಗಳಲ್ಲಿ ಇನ್ನೊಂದು ತೊಂದರೆ ಇಳಿಜಾರು. ಬಹಳಷ್ಟು ಕಡೆ ಒಂದು ತುದಿ ಮೂರು, ಮೂರೂವರೆ ಅಡಿ ಇದ್ದು, ಅಲ್ಲಿಂದ ತಳ ಸದ್ದಿಲ್ಲದೆ ಇಳಿಯುತ್ತಾ ಹೋಗುತ್ತದೆ. ಮೆಟ್ಟಿಲಾಗಿದ್ದರೆ ಕಾಲಿಗೆ ಗೊತ್ತಾಗುತ್ತಿತ್ತು. ಇದು ಗೊತ್ತಾಗುವುದಿಲ್ಲ. ಜೊತೆಗೆ ನೀರು ಏರಿದಂತೆ ಕಾಲಿನ ಮೇಲಿನ ಭಾರ ಇಳಿಯುತ್ತದೆ. ಸೊಂಟದವರೆಗೆ ನೀರಿದ್ದರೆ ನಮ್ಮ ತೂಕದಲ್ಲಿ ಸುಮಾರು ಅರ್ಧ ಮಾತ್ರ ಪಾದದ ಮೇಲಿರುತ್ತದೆ. ಕುತ್ತಿಗೆವರೆಗೆ ಬಂದರೆ ಸುಮಾರು ಹತ್ತನೇ ಒಂದು ಭಾಗ. ಇಪ್ಪತ್ತು ಕಿಲೋ ಮಗುವಿನ ಪಾದದ ಮೇಲೆ ಆಗ ಉಳಿಯುವುದು ಎರಡು ಕಿಲೋ. ಅಷ್ಟು ಹಗುರವಾದ ಪಾದಕ್ಕೆ ನುಣುಪಾದ ಟೈಲ್ಸ್ ಮೇಲೆ ಹಿಡಿತ ಎಲ್ಲಿಂದ ಬರಬೇಕು? ಪಕ್ಕದವರು ದಬಾರೆಂದು ಹಾರಿದರೂ ಸಾಕು, ಆ ಅಲೆ ಮಗುವನ್ನು ಇಳಿಜಾರಿನ ಕಡೆ ಒಂದು ಹೆಜ್ಜೆ ಒಯ್ಯುತ್ತದೆ. ವಾಪಸ್ ಬರಲು ಕಾಲೂರಲು ಆಗುವುದಿಲ್ಲ. ಆದ್ದರಿಂದ ನಮ್ಮ ಮನೆಯ ಗೆರೆ ಕುತ್ತಿಗೆ ಅಲ್ಲ, ಎದೆ. ನೀರು ಎದೆ ಮುಟ್ಟಿದ ಕೂಡಲೇ ತಿರುಗಿ ಬರಬೇಕು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ನಾವೆಲ್ಲ ಮಕ್ಕಳಿಗೆ ಹೇಳುವುದು 'ಏನಾದರೂ ಆದರೆ ಜೋರಾಗಿ ಕೂಗು' ಎಂದು. ಮುಳುಗುತ್ತಿರುವ ಮಗು ಕೂಗುವುದಿಲ್ಲ. ಕೂಗಲು ಆಗುವುದಿಲ್ಲ. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿರುವ ಆರ್ಚರ್ಡ್ ಬೀಚ್‌ನಲ್ಲಿ ಫ್ರಾಂಕ್ ಪಿಯಾ ಎಂಬ ಲೈಫ್‌ಗಾರ್ಡ್ ವರ್ಷಗಟ್ಟಲೆ ಕೆಲಸ ಮಾಡಿ, ಜನ ನೀರಿನಲ್ಲಿ ನಿಜವಾಗಿ ಹೇಗೆ ಮುಳುಗುತ್ತಾರೆ ಎಂಬುದನ್ನು ಕ್ಯಾಮೆರಾದಲ್ಲಿ ಹಿಡಿದರು. ಕೈ ಬೀಸಿ 'ಕಾಪಾಡಿ' ಎನ್ನುವ ಸಿನಿಮಾ ದೃಶ್ಯ ಅದರಲ್ಲಿ ಇರಲಿಲ್ಲ. ದೇಹ ನೆಟ್ಟಗೆ ನಿಂತಿರುತ್ತದೆ, ಕಾಲು ಬಡಿಯುವುದಿಲ್ಲ, ಕೈಗಳು ಎರಡೂ ಬದಿಗೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ, ಕಾಣದ ಏಣಿ ಹತ್ತಿದ ಹಾಗೆ. ಬಾಯಿ ನೀರಿನ ಮೇಲೆ ಒಂದು ಕ್ಷಣ ಬರುತ್ತದೆ, ಮತ್ತೆ ಒಳಗೆ. ಆ ಒಂದು ಕ್ಷಣ ಉಸಿರಿಗೇ ಸಾಲದು, ಇನ್ನು ಮಾತಿಗೆ ಎಲ್ಲಿ? ಇದು 20ರಿಂದ 60 ಸೆಕೆಂಡ್ ನಡೆಯುತ್ತದೆ ಎಂದು ಪಿಯಾ ಲೆಕ್ಕ ಹಾಕಿದರು. ಚಿಕ್ಕ ಮಕ್ಕಳಲ್ಲಿ 20 ಸೆಕೆಂಡ್ ಹತ್ತಿರ. ನಾವು ಒಂದು ವಾಟ್ಸಾಪ್ ಮೆಸೇಜ್ ಓದಿ ಉತ್ತರ ಬರೆಯುವ ಹೊತ್ತು.

ಕೈ ಎತ್ತಿ ಬೀಸುವುದು ಯಾಕೆ ಸಾಧ್ಯವಿಲ್ಲ ಅನ್ನುವುದನ್ನು ನೀವೇ ಪೂಲ್‌ನಲ್ಲಿ ನೋಡಬಹುದು, ಕೋಚ್ ಪಕ್ಕದಲ್ಲಿ ಇರುವಾಗ. ಬೆನ್ನ ಮೇಲೆ ಆರಾಮಾಗಿ ತೇಲುತ್ತಾ ಎರಡೂ ಕೈಗಳನ್ನು ನೀರಿನಿಂದ ಮೇಲಕ್ಕೆ ಎತ್ತಿ. ತಕ್ಷಣ ಮುಖ ಮುಳುಗುತ್ತದೆ. ನೀರು ತನ್ನೊಳಗೆ ಇರುವುದನ್ನು ಮಾತ್ರ ಎತ್ತಿ ಹಿಡಿಯುತ್ತದೆ, ಆರ್ಕಿಮಿಡಿಸ್ ಹೇಳಿದ್ದು ಇದೇ. ಹೊರಗೆ ಬಂದ ಕೈಯ ಭಾರವನ್ನೆಲ್ಲ ಉಳಿದ ದೇಹ ಹೊರಬೇಕು. ಕೂಗಿದರೂ ಕಷ್ಟವೇ, ಎದೆಯಲ್ಲಿದ್ದ ಗಾಳಿ ಹೊರಗೆ ಹೋಗುತ್ತದೆ. ನಮ್ಮ ದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ಶ್ವಾಸಕೋಶ ತುಂಬಿದ್ದರೆ ಹೆಚ್ಚಿನವರು ತೇಲುತ್ತಾರೆ, ಖಾಲಿಯಾದರೆ ಇಳಿಯುತ್ತಾರೆ. ಎದೆಯೊಳಗಿನ ಗಾಳಿಯೇ ನಮ್ಮ ಟ್ಯೂಬ್.

ಅದಕ್ಕೇ ಮಗುವಿಗೆ ಮೊದಲು ಕಲಿಸಬೇಕಾದದ್ದು ಫ್ರೀಸ್ಟೈಲ್ ಅಲ್ಲ. ಬೆನ್ನ ಮೇಲೆ ತಿರುಗಿ ತೇಲುವುದು. ಕಿವಿ ನೀರಿನೊಳಗೆ, ಗಲ್ಲ ಆಕಾಶಕ್ಕೆ, ಹೊಟ್ಟೆ ಮೇಲೆ, ಎದೆ ತುಂಬ ಗಾಳಿ. ನಾಲ್ಕೈದು ದಿನ ಮಗಳು ಕಿವಿಗೆ ನೀರು ತಾಗಿದ ಕೂಡಲೇ ತಲೆ ಎತ್ತುತ್ತಿದ್ದಳು. ತಲೆ ಎತ್ತಿದರೆ ಕಾಲು ಇಳಿಯುತ್ತದೆ, ಕಾಲು ಇಳಿದರೆ ದೇಹ ನೆಟ್ಟಗಾಗುತ್ತದೆ. ಆರನೇ ದಿನ ಕೋಚ್ ಅವಳ ತಲೆಯ ಹಿಂದೆ ಎರಡು ಬೆರಳು ಮಾತ್ರ ಇಟ್ಟು 'ಮೇಲೆ ಹದ್ದು ಹುಡುಕು' ಅಂದರು. ಹದ್ದು ಹುಡುಕುತ್ತಾ ಹುಡುಕುತ್ತಾ ಬೆರಳು ತೆಗೆದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ನಮ್ಮ ಊರುಗಳಲ್ಲಿ ಹಿಂದಿನವರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಮಕ್ಕಳನ್ನು ಬಾವಿಗೆ ಇಳಿಸುತ್ತಿದ್ದರು. ನಮ್ಮಪ್ಪ ಕಲಿತದ್ದು ಹಾಗೇ. ಬುರುಡೆ ಬೆನ್ನ ಮೇಲಿರುವುದರಿಂದ ದೇಹ ಮಲಗಿದ ಹಾಗೆ ಇರುತ್ತದೆ, ಮೇಲೆ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದು ದೊಡ್ಡವರೊಬ್ಬರು ನಿಂತಿರುತ್ತಾರೆ. ಈಗಿನ ತೋಳಿಗೆ ಹಾಕುವ ಗಾಳಿ ಚೀಲಗಳು ಮಗುವನ್ನು ನೆಟ್ಟಗೆ ನಿಲ್ಲಿಸುತ್ತವೆ. ಅದು ಮುಳುಗುವವರ ಭಂಗಿ. ಮಗುವಿನ ಮೈ ಅದನ್ನೇ ಕಲಿಯುತ್ತದೆ, ಚೀಲ ಬಿಚ್ಚಿದ ದಿನ ಅದೇ ಧೈರ್ಯದಲ್ಲಿ ಇಳಿಯುತ್ತದೆ. ಸೊಂಟದ ಸುತ್ತ ಹಾಕುವ ರಿಂಗ್ ಮಗುಚಿದರೆ ಕಾಲು ಮೇಲೆ, ತಲೆ ಕೆಳಗೆ. ಇವು ಆಟಿಕೆಗಳು. ಲೈಫ್ ಜಾಕೆಟ್ ಬೇರೆ, ಇವು ಬೇರೆ.

ಸ್ವಲ್ಪ ಈಜು ಬಂದ ಮೇಲೆ ಮಕ್ಕಳು ಆಡುವ ಒಂದು ಆಟ ಇದೆ: ಯಾರು ಜಾಸ್ತಿ ಹೊತ್ತು ನೀರೊಳಗೆ ಇರುತ್ತಾರೆ ನೋಡೋಣ. ಈ ಆಟವನ್ನು ನಿಲ್ಲಿಸಲೇಬೇಕು, ಕಾರಣ ಹೇಳಿ ನಿಲ್ಲಿಸಬೇಕು. 'ಉಸಿರು ತಗೋ' ಎಂದು ಒಳಗಿನಿಂದ ಒದೆಯುವುದು ಆಮ್ಲಜನಕದ ಕೊರತೆ ಅಲ್ಲ, ರಕ್ತದಲ್ಲಿ ಏರುವ ಕಾರ್ಬನ್ ಡೈಆಕ್ಸೈಡ್. ಆಟ ಗೆಲ್ಲಲು ಮಕ್ಕಳು ಮುಳುಗುವ ಮೊದಲು ಜೋರಾಗಿ ಹತ್ತಿಪ್ಪತ್ತು ಸಲ ಉಸಿರಾಡುತ್ತಾರೆ. ಅದರಿಂದ ಆಮ್ಲಜನಕ ಹೆಚ್ಚೇನೂ ಕೂಡುವುದಿಲ್ಲ, ಕಾರ್ಬನ್ ಡೈಆಕ್ಸೈಡ್ ಮಾತ್ರ ಕಡಿಮೆಯಾಗುತ್ತದೆ. ಎಚ್ಚರಿಕೆಯ ಗಂಟೆಯನ್ನೇ ಬಿಚ್ಚಿಟ್ಟ ಹಾಗೆ. ಗಂಟೆ ಹೊಡೆಯುವ ಮೊದಲೇ ಆಮ್ಲಜನಕ ಮುಗಿದು, ಮಗು ನೀರೊಳಗೆ ಪ್ರಜ್ಞೆ ತಪ್ಪುತ್ತದೆ. ಹೊರಗಿನಿಂದ ನೋಡಿದರೆ ಇನ್ನೂ ಆಟ ನಡೆದಿದೆ ಅನಿಸುತ್ತದೆ. ಚೆನ್ನಾಗಿ ಈಜು ಬರುವವರಿಗೇ ಹೀಗಾಗುವುದು ಹೆಚ್ಚು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಾದ್ಯಂತ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ಅವರಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಆ ವಯಸ್ಸಿಗೆ ಪಾಠ ಎಷ್ಟು ಹೇಳಿದರೂ ಕಣ್ಣು ದೊಡ್ಡವರದ್ದೇ ಇರಬೇಕು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಪೂಲ್ ಎಂದರೆ ಲೈಫ್‌ಗಾರ್ಡ್ ಇರುತ್ತಾರೆ ಬಿಡಿ ಅನ್ನಬೇಡಿ. ನಾನು ಒಂದು ಭಾನುವಾರ ಹೋದ ಪೂಲ್‌ನಲ್ಲಿ ಅರವತ್ತಕ್ಕೂ ಹೆಚ್ಚು ಮಕ್ಕಳಿದ್ದರು, ಒಬ್ಬರೇ ಲೈಫ್‌ಗಾರ್ಡ್, ಅವರು ಬೆನ್ನು ತಿರುಗಿಸಿ ಫೋನ್‌ನಲ್ಲಿ ಮಾತಾಡುತ್ತಿದ್ದರು. ಹೋಗಿ ಹೇಳಿದೆ. ಬೇಜಾರು ಮಾಡಿಕೊಂಡರು, ಆದರೆ ತಿರುಗಿದರು. ಹೇಳುವುದಕ್ಕೆ ಸಂಕೋಚ ಬೇಡ. ನಾಲ್ಕು ಜನ ಪೋಷಕರು ಇದ್ದರೆ ಹದಿನೈದು ನಿಮಿಷಕ್ಕೊಬ್ಬರು ಪಾಳಿ ಹಾಕಿಕೊಳ್ಳಿ, ಆ ಹೊತ್ತಿನಲ್ಲಿ ಅವರ ಫೋನ್ ಬೇರೆಯವರ ಚೀಲದಲ್ಲಿ ಇರಲಿ. ಎಲ್ಲರೂ ನೋಡುತ್ತಿದ್ದಾರೆ ಅಂದರೆ ಯಾರೂ ನೋಡುತ್ತಿಲ್ಲ ಅಂತಲೇ. ಮಗುವಿನ ಈಜುಡುಗೆ ಕಿತ್ತಳೆ ಅಥವಾ ಹೊಳೆಯುವ ಗುಲಾಬಿ ಬಣ್ಣದ್ದಾಗಿದ್ದರೆ ಒಳ್ಳೆಯದು. ತಿಳಿನೀಲಿ ಉಡುಗೆ ನೀಲಿ ಟೈಲ್ಸ್ ಮೇಲೆ ನೀರಿನಲ್ಲಿ ಕರಗಿಹೋಗುತ್ತದೆ.

ಗೆಳತಿ ಮುಳುಗುತ್ತಿದ್ದರೆ ಮಗು ಏನು ಮಾಡಬೇಕು? ನೀರಿಗೆ ಇಳಿಯಬಾರದು. ಇದನ್ನು ಒಪ್ಪಿಸುವುದು ಕಷ್ಟ, ಮಕ್ಕಳ ಮನಸ್ಸು ಒಳ್ಳೆಯದು. ಆದರೆ ಮುಳುಗುವವರು ಕೈಗೆ ಸಿಕ್ಕಿದ್ದನ್ನು ಹಿಡಿದು ಅದರ ಮೇಲೆ ಹತ್ತುತ್ತಾರೆ, ಸಿಕ್ಕಿದ್ದು ಇನ್ನೊಂದು ಮಗುವಾದರೂ ಸರಿ. ಕೆರೆ, ಕೃಷಿ ಹೊಂಡಗಳಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗಿ ಮೂರು ನಾಲ್ಕು ಜೀವ ಹೋದ ಸುದ್ದಿಯನ್ನು ನಾವು ಪ್ರತಿ ಬೇಸಿಗೆ ಓದುತ್ತೇವೆ. ದಡದಲ್ಲಿ ಇರುವವರು ಕೂಗಬಹುದು, ಅವರ ಬಾಯಿ ನೀರಿನ ಮೇಲಿದೆ. ಕೂಗು, ಟ್ಯೂಬೋ ಹಗ್ಗವೋ ಟವೆಲ್ಲೋ ಎಸೆ, ದಡದ ಮೇಲೆ ಬೋರಲು ಮಲಗಿಕೊಂಡು ಕೋಲು ಚಾಚು. ಮನೆಯಲ್ಲಿ ದಿವಾನ್ ಮೇಲೆ ಮಲಗಿ ದುಪಟ್ಟಾ ಎಸೆದು ಇದನ್ನು ಆಡಿಸಬಹುದು.

ಮೇಲೆ ಎತ್ತಿದ ಮೇಲೆ ಏನು ಮಾಡಬೇಕು ಅನ್ನುವುದು ದೊಡ್ಡವರು ಕಲಿಯಬೇಕಾದ ಪಾಠ. ಬಳ್ಳಾರಿ ಜಿಲ್ಲೆಯಲ್ಲಿ 2022ರಲ್ಲಿ, ಆಮೇಲೆ ಹಾವೇರಿ ಜಿಲ್ಲೆಯಲ್ಲಿ, ಮುಳುಗಿದ ಹುಡುಗರ ದೇಹವನ್ನು ಉಪ್ಪಿನ ರಾಶಿಯಲ್ಲಿಟ್ಟು ಗಂಟೆಗಟ್ಟಲೆ ಕಾದ ಸುದ್ದಿ ಬಂತು. ಉಪ್ಪು ನೀರು ಹೀರಿ ಜೀವ ವಾಪಸ್ ತರುತ್ತದೆ ಎಂದು ಮೊಬೈಲ್‌ಗಳಲ್ಲಿ ಹರಿದಾಡಿದ ಸುಳ್ಳು ಅದಕ್ಕೆ ಕಾರಣ. ಆ ತಂದೆತಾಯಿಯ ಸಂಕಟ ನೆನೆದರೆ ಹೊಟ್ಟೆ ಕಿವುಚುತ್ತದೆ. ಮುಳುಗಿದವರು ಸಾಯುವುದು ಮೈಯಲ್ಲಿ ನೀರು ತುಂಬಿದ್ದಕ್ಕಲ್ಲ, ಆಮ್ಲಜನಕ ಸಿಗದೆ. ಮೆದುಳು ಆಮ್ಲಜನಕವಿಲ್ಲದೆ ನಾಲ್ಕೈದು ನಿಮಿಷ ತಡೆಯುವುದೇ ಕಷ್ಟ. ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಹಿಂಡುವುದು, ಇವೆಲ್ಲ ಆ ನಿಮಿಷಗಳನ್ನು ತಿನ್ನುತ್ತವೆ. ಹೊಟ್ಟೆಯಲ್ಲಿದ್ದದ್ದು ವಾಂತಿಯಾಗಿ ಶ್ವಾಸಕೋಶಕ್ಕೂ ಹೋಗಬಹುದು. ಉಸಿರಾಟ ಇಲ್ಲದಿದ್ದರೆ ಗಟ್ಟಿ ನೆಲದ ಮೇಲೆ ಮಲಗಿಸಿ, ಒಬ್ಬರು 108 ಅಥವಾ 112ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಉಸಿರು ಊದಲಿ. ಮುಳುಗಿದವರಿಗೆ ಉಸಿರೇ ಮೊದಲು. ಎರಡರಿಂದ ಐದು ಸಲ ಊದಿದ ಮೇಲೆ, ಎದೆಯ ನಡುವೆ 30 ಸಲ ಒತ್ತಿ ಎರಡು ಉಸಿರು, ಮತ್ತೆ 30, ಮತ್ತೆ ಎರಡು, ಆಂಬುಲೆನ್ಸ್ ಬರುವವರೆಗೆ. ಓದಿ ಬರುವ ವಿದ್ಯೆ ಅಲ್ಲ ಇದು. ಗೊಂಬೆಯ ಮೇಲೆ ಒಮ್ಮೆ ಒತ್ತಿ ಕಲಿಯಬೇಕು. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಅಂಥ ಸಂಸ್ಥೆಗಳು ಕಲಿಸುತ್ತವೆ.

ಶಿಬಿರದ ಕೊನೆಯ ದಿನ ಕೋಚ್ ಹತ್ತಿರ ಒಂದು ಮನವಿ ಮಾಡಿದೆ. ನೆದರ್ಲೆಂಡ್ಸ್‌ನಲ್ಲಿ ಮಕ್ಕಳಿಗೆ ಈಜಿನ ಮೊದಲ ಡಿಪ್ಲೊಮಾ ಸಿಗಬೇಕಾದರೆ ಬಟ್ಟೆ, ಬೂಟು ಹಾಕಿಕೊಂಡು ಈಜಿ ತೋರಿಸಬೇಕು, ಯಾಕೆಂದರೆ ಆ ದೇಶದ ತುಂಬ ಕಾಲುವೆಗಳು, ಯಾರೂ ಈಜುಡುಗೆ ಹಾಕಿಕೊಂಡು ಕಾಲುವೆಗೆ ಬೀಳುವುದಿಲ್ಲ. ನಮ್ಮ ಕೆರೆಗೂ ಅಷ್ಟೇ ಅಲ್ವಾ? ಕೋಚ್ ಒಪ್ಪಿದರು. ಒಗೆದ ಚೂಡಿದಾರ್ ಹಾಕಿಸಿ, ಅವರ ಕೈ ಹಿಡಿಸಿ ಇಳಿಸಿದೆ. 'ಅಮ್ಮಾ, ಬಟ್ಟೆ ಎಳೀತಿದೆ' ಅಂದಳು. ಒಂದೆರಡು ಸಲ ಒದ್ದಾಡಿದಳು. ಆಮೇಲೆ ಎದೆ ತುಂಬ ಗಾಳಿ ಎಳೆದು, ಬೆನ್ನ ಮೇಲೆ ತಿರುಗಿ, ಕಿವಿ ನೀರಿಗೆ ಬಿಟ್ಟಳು. ನಾನು ನಲವತ್ತರವರೆಗೆ ಎಣಿಸಿದೆ.