ಬಿಸಿಲಿದ್ದರೂ ಸೋಲಾರ್ ನಿಲ್ಲುವುದೇಕೆ?

ಮೋಡವಿಲ್ಲದ ಫೆಬ್ರುವರಿಯ ನಡುಹಗಲು. ಚಾವಣಿಯಲ್ಲಿ ಪ್ಯಾನೆಲ್‌ಗಳು ಕಾದಿವೆ, ಆದರೆ ಅವುಗಳ ಕರೆಂಟನ್ನು ಮನೆ ಬಳಕೆಯ ಕರೆಂಟಾಗಿಸಿ ಲೈನಿಗೆ ಸೇರಿಸುವ ಇನ್ವರ್ಟರ್ ತಾನಾಗಿ ಆಫ್ ಆಗಿ, ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಗುತ್ತದೆ. ಇಂಥ ದೂರು ಬಂದಾಗ ಹೆಚ್ಚಿನವರು ಪ್ಯಾನೆಲ್ ಕೂರಿಸಿದವರನ್ನೇ ಬೈಯುತ್ತಾರೆ. ನಾನು ಮೊದಲು ನೋಡುವುದು ಇನ್ವರ್ಟರ್ ಡಿಸ್‌ಪ್ಲೇಯಲ್ಲಿರುವ ವೋಲ್ಟೇಜನ್ನು. 254, 255 ಎಂದಿದ್ದರೆ ಇನ್ವರ್ಟರ್ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಮನೆಯ ಕರೆಂಟಿಗೆ ನಿಗದಿಯಾದ ವೋಲ್ಟೇಜ್ 230. ಅದರ ಮೇಲೆ ಶೇ. 10, ಅಂದರೆ 253 ವೋಲ್ಟ್ ದಾಟಿದರೆ ಇನ್ವರ್ಟರ್ ಲೈನಿನಿಂದ ಕಳಚಿಕೊಳ್ಳಲೇಬೇಕು.

ತೊಂದರೆ ಇರುವುದು ಬೀದಿಯಲ್ಲಿ. ನಮ್ಮ ಎಲ್‌ಟಿ (ಕಡಿಮೆ ವೋಲ್ಟೇಜಿನ) ಲೈನುಗಳನ್ನು ಎಳೆದದ್ದು ಟಿಸಿಯಿಂದ (ಬೀದಿಯ ಟ್ರಾನ್ಸ್‌ಫಾರ್ಮರ್‌ನಿಂದ) ಮನೆಗಳ ಕಡೆಗೆ ಕರೆಂಟ್ ಹರಿಯಲಿ ಎಂದು. ಸಂಜೆ ಲೋಡ್ ಏರಿದಾಗ ಕೊನೆಯ ಕಂಬದ ಮನೆಗೆ ವೋಲ್ಟೇಜ್ ಕುಸಿಯುತ್ತದೆ, ಹಾಗಾಗಿ ಎಷ್ಟೋ ಕಡೆ ಟಿಸಿಯ ಟ್ಯಾಪನ್ನು (ಅದರಿಂದ ಹೊರಡುವ ವೋಲ್ಟೇಜನ್ನು ಹಂತಹಂತವಾಗಿ ಹೊಂದಿಸುವ ಸ್ವಿಚ್ಚನ್ನು) ಮೇಲಕ್ಕೇ ಇಟ್ಟಿರುತ್ತಾರೆ. ಮಧ್ಯಾಹ್ನ ಮನೆಗಳಿಗೆ ಬೀಗ, ಬಳಕೆ ಇಲ್ಲ. ಸೋಲಾರ್ ಕರೆಂಟ್ ಹಿಮ್ಮುಖವಾಗಿ ಹೊರಡುತ್ತದೆ. ಹಾಗೆ ಹರಿಯಬೇಕಾದರೆ ಕೊನೆಯ ಮನೆಯ ವೋಲ್ಟೇಜ್ ಟಿಸಿಯಲ್ಲಿರುವುದಕ್ಕಿಂತ ಹೆಚ್ಚಿರಲೇಬೇಕು. ತಂತಿ ಸಣ್ಣದಾದಷ್ಟೂ ಏರಿಕೆ ಜಾಸ್ತಿ. ಬೀದಿಯ ಸಿಂಗಲ್ ಫೇಸ್ ಇನ್ವರ್ಟರ್‌ಗಳೆಲ್ಲ ಲೈನಿನ ಮೂರು ಫೇಸುಗಳಲ್ಲಿ (ಕರೆಂಟ್ ತರುವ ಮೂರು ತಂತಿಗಳಲ್ಲಿ) ಒಂದಕ್ಕೇ ಬಿದ್ದಿದ್ದರಂತೂ ಕೇಳುವುದೇ ಬೇಡ. ಇದನ್ನು ನಾನು ಪದೇಪದೇ ಕಂಡಿದ್ದೇನೆ.

ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ. ಒಳ್ಳೆಯದೇ. ಆದರೆ ಪ್ರತಿ ಟಿಸಿಯ ಪ್ರತಿ ಫೇಸಿಗೆ ಎಷ್ಟು ಸೋಲಾರ್ ಸೇರಿದೆ ಎಂಬ ಲೆಕ್ಕ ಎಸ್ಕಾಂನ (ವಿದ್ಯುತ್ ಸರಬರಾಜು ಕಂಪನಿಯ) ಸೆಕ್ಷನ್ ಕಚೇರಿಯಲ್ಲೇ ಇರಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನ ಏರಿಳಿತ, ರಾಜ್ಯದ ವಿದ್ಯುತ್ ಬೇಡಿಕೆಗೂ ಉತ್ಪಾದನೆಗೂ ತಾಳೆ ಹಾಕುವ ಲೋಡ್ ಡಿಸ್ಪ್ಯಾಚ್ ಕೇಂದ್ರದ ಪರದೆಯಲ್ಲಿ ಕಾಣುತ್ತದೆ. ಮನೆಗಳ ಚಾವಣಿಯದು ಹಾಗಲ್ಲ, ಅಲ್ಲಿಗೆ ಅದು ಬೇಡಿಕೆ ಇಳಿದಂತೆ ಮಾತ್ರ ತೋರುತ್ತದೆ. ಮೋಡ ಕವಿದಾಗ ಆ ಬೇಡಿಕೆ ಒಮ್ಮೆಲೇ ಮರಳುತ್ತದೆ. ಆಗ ಕೆಲವೇ ನಿಮಿಷಗಳಲ್ಲಿ ಉತ್ಪಾದನೆ ಏರಿಸಬಲ್ಲ ಶರಾವತಿಯಂಥ ಜಲವಿದ್ಯುತ್ ಘಟಕಗಳೇ ಕೈಹಿಡಿಯಬೇಕು.

ಪರಿಹಾರ ದುಬಾರಿಯೇನಲ್ಲ. ಕೆಲವು ಮನೆಗಳ ಫೇಸ್ ಬದಲಿಸುವುದು, ಸಂಜೆಯ ವೋಲ್ಟೇಜನ್ನೂ ಅಳೆದು ಟ್ಯಾಪ್ ಒಂದು ಹಂತ ಇಳಿಸುವುದು, ಇನ್ವರ್ಟರ್‌ನ ರಿಯಾಕ್ಟಿವ್ ಪವರ್ ಸೆಟ್ಟಿಂಗ್ (ವೋಲ್ಟೇಜ್ ಏರಿಕೆಯನ್ನು ತುಸು ತಗ್ಗಿಸುವ ಹೊಂದಾಣಿಕೆ) ಬಳಸುವುದು. ಮನೆಯವರು ನೀರಿನ ಮೋಟಾರು, ವಾಷಿಂಗ್ ಮಷಿನ್‌ಗಳನ್ನು ಬೆಳಗಿನ ಬದಲು ಮಧ್ಯಾಹ್ನಕ್ಕೆ ಟೈಮರ್ ಹಾಕಿ ಓಡಿಸಿದರೂ ವೋಲ್ಟೇಜ್ ತಗ್ಗುತ್ತದೆ.

"ಮಿತಿಯನ್ನು 270ಕ್ಕೆ ಏರಿಸಿಕೊಡ್ತೀನಿ ಸರ್" ಎನ್ನುವವರ ಮಾತಿಗೆ ಮಾತ್ರ ಒಪ್ಪಬೇಡಿ. ನಿಮ್ಮ ಇನ್ವರ್ಟರ್ ಓಡೀತು, ಪಕ್ಕದ ಮನೆಯ ಟಿವಿ, ಫ್ರಿಜ್ ಸುಟ್ಟಾವು. ಬದಲಿಗೆ ಎರಡು ಮೂರು ದಿನ ಡಿಸ್‌ಪ್ಲೇಯ ಫೋಟೊ ಸಮಯಸಹಿತ ತೆಗೆದು, ಎಸ್ಕಾಂ ಸೆಕ್ಷನ್ ಕಚೇರಿಗೆ ಲಿಖಿತ ದೂರು ಕೊಡಿ. ಮೂರೂ ಫೇಸಿನ ವೋಲ್ಟೇಜನ್ನು ನಡುಹಗಲಿನಲ್ಲೇ ಅಳೆಯಬೇಕೆಂದು ಅದರಲ್ಲಿ ಬರೆಯಿರಿ.