ದೊಡ್ಡ ಕಂಪನಿ ಕೊಂಡಿತಾ? ಮೊದಲು ಲೆಕ್ಕ ಇಳಿಸಿಕೊಳ್ಳಿ

"ಸರ್, ನಾವು ಲೆಕ್ಕ ಬರಿಯೋ ಆ್ಯಪ್ ದೊಡ್ಡ ಕಂಪನಿಯವರು ತಗೊಂಡಾರ್ರೀ, ಇನ್ನ ಚಿಂತಿ ಇಲ್ಲ." ಕಲಬುರಗಿ ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ, ವ್ಯಾಪಾರಿಗಳಿಗೆ ಕಂಪ್ಯೂಟರ್ ಲೆಕ್ಕ ಹೊಂದಿಸಿಕೊಡುವುದು ನನ್ನ ಕೆಲಸ. ಈ ಮಾತು ಕೇಳಿದಾಗಲೆಲ್ಲ ತಲೆ ಬಿಸಿಯಾಗುತ್ತದೆ. ಚಿಂತೆ ಶುರುವಾಗುವುದೇ ಅಲ್ಲಿಂದ, ಸಾವ್ಕಾರ್ರೇ! ಕೊಂಡವರು ಆ್ಯಪ್ ಮುಚ್ಚಿದರೆ ನಿಮ್ಮ ಲೆಕ್ಕದ ಗತಿ ಏನು?

ಅವರಿಗೆ ಬೇಕಾಗಿದ್ದು ನಿಮ್ಮ ಆ್ಯಪ್ ಅಂತ ಯಾರು ಹೇಳಿದರು? ಬಹಳ ಸಲ ಬೇಕಿರುವುದು ಅದನ್ನು ಬರೆದ ಹುಡುಗರು. 2014ರ ಜನವರಿಯಲ್ಲಿ ಫೇಸ್‌ಬುಕ್ ಬೆಂಗಳೂರಿನ ಲಿಟಲ್ ಐ ಲ್ಯಾಬ್ಸ್ ಕೊಂಡಿತು. ಆಂಡ್ರಾಯ್ಡ್ ಆ್ಯಪ್‌ಗಳು ಎಷ್ಟು ಬ್ಯಾಟರಿ, ಮೆಮೊರಿ ತಿನ್ನುತ್ತವೆ ಅಂತ ಅಳೆಯುವ ಸಾಧನ ಮಾಡಿದ್ದವರು. ಹುಡುಗರು ಕ್ಯಾಲಿಫೋರ್ನಿಯಾಕ್ಕೆ ಹೋದರು, ಸಾಧನ ಕೆಲವೇ ತಿಂಗಳಲ್ಲಿ ನಿಂತಿತು. ಬೇಳೆ ಮಿಲ್ ಕೊಂಡವರು ಜಾಗಕ್ಕೆ, ಪಳಗಿದ ಮೇಸ್ತ್ರಿಗೆ ದುಡ್ಡು ಕೊಟ್ಟು ಹಳೇ ಬೋರ್ಡು ಇಳಿಸುತ್ತಾರೆ, ಅಲ್ವಾ?

ಕೆಲವು ಸಲ ಆ ಕಂಪನಿಗೆ ಅದೇ ಕೆಲಸದ ಇನ್ನೊಂದು ಆ್ಯಪ್ ಇರುತ್ತದೆ, ಇಲ್ಲವೇ ಹೊಸದು ಮಾಡಿಸುತ್ತದೆ. ಎರಡಕ್ಕೂ ಸರ್ವರ್, ರಿಪೇರಿ, ನಿಮ್ಮಂಥವರ ದೂರು ಅಂತ ಯಾರು ಖರ್ಚು ಮಾಡುತ್ತಾರೆ? ಮೈಕ್ರೋಸಾಫ್ಟ್ 2015ರಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿ ಇಡುವ ವಂಡರ್‌ಲಿಸ್ಟ್ ಆ್ಯಪ್ ಕೊಂಡು, ಅದೇ ತಂಡದಿಂದ 'ಟು ಡು' ಮಾಡಿಸಿ, 2020ರ ಮೇ ತಿಂಗಳಲ್ಲಿ ಹಳೆಯದನ್ನು ಮುಚ್ಚಿತು. ಓಲಾ 2015ರಲ್ಲಿ ಸುಮಾರು 20 ಕೋಟಿ ಡಾಲರಿಗೆ ಎದುರಾಳಿ ಟ್ಯಾಕ್ಸಿಫಾರ್‌ಶೂರ್ ಕೊಂಡಿತು. ಮರುವರ್ಷವೇ ಅದಕ್ಕೆ ಬೀಗ.

ಪೈಪೋಟಿ ಮುಗಿಸಲೆಂದೇ ಕೊಳ್ಳುತ್ತಾರಾ? ಇರಬಹುದು, ಆದರೆ ಎಲ್ಲ ಖರೀದಿಯೂ ಹಾಗೇ ಅಂತ ನಾನು ಹೇಳುವುದಿಲ್ಲ. ಒಳಗಿನ ಉದ್ದೇಶ ಸಾಬೀತು ಮಾಡುವುದು ಕಷ್ಟ. 2024ರ ಸೆಪ್ಟೆಂಬರ್‌ನಿಂದ, ಭಾರತದಲ್ಲಿ ಗಣನೀಯ ವಹಿವಾಟಿರುವ ಕಂಪನಿಯನ್ನು 2,000 ಕೋಟಿ ರೂಪಾಯಿಗಿಂತ ಜಾಸ್ತಿ ಕೊಟ್ಟು ಕೊಳ್ಳುವುದಾದರೆ ಸಾಮಾನ್ಯವಾಗಿ ಕಂಪನಿಗಳ ಪೈಪೋಟಿ ಮೇಲೆ ಕಣ್ಣಿಡುವ ಸ್ಪರ್ಧಾ ಆಯೋಗದ ಒಪ್ಪಿಗೆ ಬೇಕು. ಅದರಿಂದ ನಿಮ್ಮ ಉದ್ರಿ ಲೆಕ್ಕವೇನೂ ಉಳಿಯುವುದಿಲ್ಲ.

ಗಂಜಿನ ಒಬ್ಬ ಹಿರಿಯರು ಪುಕ್ಕಟೆ ಆ್ಯಪ್ ಒಂದರಲ್ಲಿ ಇಡೀ ಸುಗ್ಗಿಯ ಉದ್ರಿ ಬರೆದಿಟ್ಟಿದ್ದರು. ಮುಚ್ಚುತ್ತೇವೆ ಅನ್ನುವ ಮೇಲ್ ಪುಣೆಯಲ್ಲಿರುವ ಮಗನ ಐಡಿಗೆ ಹೋಗಿತ್ತು, ಅವನು ನೋಡಿರಲಿಲ್ಲ. ಕೊನೆಗೆ ಅವರು ಗಿರಾಕಿಗಳಿಗೆಲ್ಲ ತಾವೇ ಫೋನ್ ಹಚ್ಚಿ, "ನನಗ ನೀವು ಎಷ್ಟು ಕೊಡಬೇಕು, ನೀವೇ ಹೇಳ್ರಿ" ಅಂದರು. ಬಹಳಷ್ಟು ಜನ ಸರಿಯಾಗೇ ಹೇಳಿದರು, ನಮ್ಮ ಜನ ಒಳ್ಳೆಯವರು. ಆದರೆ ಅದನ್ನೇ ನಂಬಿ ಕೂರಬೇಡಿ.

ಖರೀದಿ ಸುದ್ದಿ ಬಂದ ದಿನವೇ ಲೆಕ್ಕವನ್ನು ಎಕ್ಸೆಲ್ ಫೈಲಾಗಿ ಇಳಿಸಿಕೊಳ್ಳಿ. ಪಿಡಿಎಫ್ ಆದರೆ ಮತ್ತೆ ಕೂತು ಟೈಪ್ ಮಾಡಬೇಕಾಗುತ್ತದೆ. ಫೈಲ್ ಬಂತು ಅಂತ ಸುಮ್ನೆ ಬಿಡಬೇಡಿ, ತೆರೆದು ನೋಡಿ. ಹಳೇ ಬಾಕಿ ಕಾಲಂ ಖಾಲಿ ಇರುತ್ತದೆ ಎಷ್ಟೋ ಸಲ.